ಅಮ್ಮನಿಗೆ ರಿಲ್ಯಾಪ್ಸಿಂಗ್ ಪಾಲಿಕಾಂಡ್ರೈಟಿಸ್ ಇದೆ, ಹರ್ನಿಯಾ ಆಪರೇಷನ್‌ಗೆ ಅನಸ್ತೇಸಿಯಾ ಕೊಡಬಹುದಾ?

ಕೊಡಬಹುದು, ಆದ್ರೆ ಆಪರೇಷನ್ ದಿನ ಬೆಳಗ್ಗೆ ಫೈಲ್ ತಿರುವಿಹಾಕಿ ಕೊಡೋ ಅಂಥದ್ದಲ್ಲ. ನಾನು ಅನಸ್ತೇಸಿಯಾ ಡಾಕ್ಟ್ರು, ಈ ಕಾಯಿಲೆಯವರನ್ನ ನೋಡಿರೋದು ಬೆರಳೆಣಿಕೆಯಷ್ಟು, ಆದ್ರೆ ಒಬ್ಬೊಬ್ಬರೂ ನೆನಪಿದ್ದಾರೆ.

ನಮ್ಮ ಶ್ವಾಸನಾಳ ತೆರೆದುಕೊಂಡಿರೋದು ಅದರಲ್ಲಿರೋ 16ರಿಂದ 20 ಮೃದ್ವಸ್ಥಿ ಬಳೆಗಳಿಂದ. ಈ ಕಾಯಿಲೇಲಿ ದೇಹದ ರೋಗನಿರೋಧಕ ವ್ಯವಸ್ಥೆನೇ ಕಿವಿ, ಮೂಗು, ಗಂಟಲಿನ ಮೃದ್ವಸ್ಥಿ ಮೇಲೆ ತಿರುಗಿಬೀಳುತ್ತೆ, ಬಳೆ ಮೆತ್ತಗಾದ್ರೆ ಉಸಿರು ಬಿಡೋವಾಗ ನಾಳ ಒಳಕ್ಕೆ ಕುಸಿಯುತ್ತೆ, ಇಲ್ಲಾ ಊತ ಬಂದು ಬಂದು ಕಿರಿದಾಗುತ್ತೆ. ಎಚ್ಚರ ಇದ್ದಾಗ ಸ್ನಾಯುಗಳ ಆಸರೆಯಿಂದ ಹೆಂಗೋ ನಡೀತಿರುತ್ತೆ, ಮಂಪರು ಬರಿಸೋ ಔಷಧಿ, ಸ್ನಾಯು ಸಡಿಲ ಮಾಡೋ ಔಷಧಿ ಕೊಟ್ರೆ ಆ ಆಸರೆನೂ ಹೋಗುತ್ತೆ.

ಹಾಗಾಗಿ ಹರ್ನಿಯಾಗೆ ನನ್ನ ಮೊದಲ ಆಯ್ಕೆ ಸ್ಪೈನಲ್, ಅಂದ್ರೆ ಬೆನ್ನಿಗೆ ಸೂಜಿ ಚುಚ್ಚಿ ಹೊಟ್ಟೆಯಿಂದ ಕೆಳಗೆ ಮರಗಟ್ಟಿಸೋದು, ಜೊತೆಗೆ ನಿದ್ದೆ ಇಂಜೆಕ್ಷನ್ ಆದಷ್ಟು ಬೇಡ. ಆದ್ರೂ ಉಸಿರಾಟಕ್ಕೆ ಶ್ವಾಸನಾಳದೊಳಗೆ ಹಾಕೋ ಸಣ್ಣ ಸೈಜಿನ ಟ್ಯೂಬ್‌ಗಳು ಪಕ್ಕದಲ್ಲೇ ರೆಡಿ ಇರಬೇಕು, ದೊಡ್ಡದು ತುರುಕಿದ್ರೆ ಉಜ್ಜಿ ಇನ್ನಷ್ಟು ಊದುತ್ತೆ. ಎಲ್ಲರೂ ಟ್ಯೂಬ್ ಹಾಕೋದಕ್ಕೆ ಹೆದರ್ತಾರೆ, ನನಗೆ ಭಯ ಅದನ್ನ ತೆಗೆಯೋವಾಗ, ಯಾಕಂದ್ರೆ ಅಷ್ಟು ಹೊತ್ತು ನಾಳಾನ ಒಳಗಿಂದ ಹಿಡಿದು ನಿಲ್ಲಿಸಿದ್ದೇ ಆ ಟ್ಯೂಬು ಮತ್ತೆ ಮಷೀನಿನ ಗಾಳಿ. ಪೂರ್ತಿ ಎಚ್ಚರ ಆದಮೇಲೇ ತೆಗೀಬೇಕು, ಐಸಿಯು ಬೆಡ್ ಮೊದಲೇ ಹೇಳಿಟ್ಟಿರಬೇಕು.

ಒಬ್ರನ್ನ ಆಪರೇಷನ್‌ಗೆ ಮುಂಚೆ ನೋಡ್ತಾ, "ನಿಮ್ ದನಿ ಯಾವಾಗ್ಲೂ ಹಿಂಗೇನಾಮ್ಮಾ?" ಅಂತ ಕೇಳಿದೆ. "ಇಲ್ಲಾ ಡಾಕ್ಟ್ರೇ, ಹದಿನೈದು ದಿನದಿಂದ ಗಂಟಲು ಕಟ್ಟಿದೆ, ಶೀತ ಇರ್ಬೇಕು" ಅಂದ್ರು. ಕತ್ತಿನ ಮುಂಭಾಗ ಮೆಲ್ಲಗೆ ಒತ್ತಿದ್ರೆ ಮುಖ ಕಿವುಚಿಕೊಂಡ್ರು. ಅದು ಶೀತ ಅಲ್ಲ, ಕಾಯಿಲೆ ಕೆರಳಿತ್ತು. ಅರ್ಜೆಂಟ್ ಇರಲಿಲ್ಲ, ಮುಂದಕ್ಕೆ ಹಾಕಿದ್ವಿ, ಈ ಕಾಯಿಲೆ ನೋಡೋ ರುಮಟಾಲಜಿ ಡಾಕ್ಟ್ರು ಔಷಧಿ ಜಾಸ್ತಿ ಮಾಡಿದ್ರು, ಕೆರಳಿದ್ದು ತಣ್ಣಗಾದ ಮೇಲೆ ಸ್ಪೈನಲ್‌ನಲ್ಲೇ ಮುಗೀತು.

ಅಮ್ಮ ಸ್ಟೀರಾಯ್ಡ್ ತಗೊಳ್ತಿದ್ರೆ ದಯವಿಟ್ಟು ನೀವಾಗೇ ನಿಲ್ಲಿಸಬೇಡಿ, ಆಪರೇಷನ್ ಹೊತ್ತಲ್ಲಿ ಕೆಲವೊಮ್ಮೆ ಹೆಚ್ಚಿಗೇನೇ ಬೇಕಾಗುತ್ತೆ. ಹೃದಯದ ಕವಾಟಕ್ಕೂ ತೊಂದ್ರೆ ಆಗಿರಬಹುದು, ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ. ಸಿಟಿ ಸ್ಕ್ಯಾನ್ ಮಾಡೋರಿಗೆ ಉಸಿರು ಬಿಟ್ಟಾಗಿನ ಚಿತ್ರನೂ ಬೇಕು ಅಂತ ಡಾಕ್ಟ್ರ ಕೈಲೇ ಬರೆಸಿ, ಉಸಿರು ಎಳೆದಾಗ ತೆಗೆದ್ರೆ ಕುಸಿತ ಕಾಣದೇ ಹೋಗಬಹುದು.

ಅಮ್ಮನ ದನಿ ಈಗ ಹೆಂಗಿದೆ, ಅಂಗಾತ ಮಲಗಿದ್ರೆ ಉಸಿರು ಕಟ್ಟುತ್ತಾ? ಇವೆರಡನ್ನ ಕೇಳ್ಕೊಂಡು ಈ ವಾರನೇ ಅಲ್ಲಿನ ಅನಸ್ತೇಸಿಯಾ ಡಾಕ್ಟ್ರನ್ನ ಕಾಣಿ.