ಹೂ ಬಿಡದ ಹಳೇ ಜಾಜಿ: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಅಂಗಳದ ಚಪ್ಪರಕ್ಕೆ ಹಬ್ಬಿಸಿದ 12 ವರ್ಷದ ಜಾಜಿ ಬಳ್ಳಿ ಮೊದಲೆಲ್ಲ ಮಳೆಗಾಲದಲ್ಲಿ ಬುಟ್ಟಿ ತುಂಬ ಹೂ ಕೊಡುತ್ತಿತ್ತು. ಮೂರು ವರ್ಷದಿಂದ ಬರೀ ಎಲೆ. ಬಚ್ಚಲ ನೀರು ಬುಡಕ್ಕೇ ಹೋಗುತ್ತದೆ, ವಾರಕ್ಕೊಮ್ಮೆ ಗೋಬರ್ ಗ್ಯಾಸಿನ ಬಗ್ಗಡವನ್ನೂ ಹಾಕುತ್ತೇವೆ. ಕಿತ್ತು ಹೊಸದು ನೆಡಬೇಕೇ?
– ಓದುಗರು, ಶಿರಸಿ ತಾಲ್ಲೂಕು

ಉತ್ತರ: ದಯವಿಟ್ಟು ಕೀಳಬೇಡಿ. ಎಲೆ ಅಷ್ಟು ಸೊಂಪಾಗಿದೆಯೆಂದರೆ ಬೇರು ಗಟ್ಟಿಯಾಗಿಯೇ ಇದೆ. ಆರೈಕೆಯೇ ಅತಿಯಾಗಿದೆ. ಬಗ್ಗಡದ ಸಾರಜನಕ ಬೇಗ ಹಿಡಿದು ಸೊಪ್ಪು ಬೆಳೆಸುತ್ತದೆ, ವರ್ಷವಿಡೀ ಹರಿಯುವ ನೀರು ಬಳ್ಳಿಗೆ ವಿಶ್ರಾಂತಿಯನ್ನೇ ಕೊಡುವುದಿಲ್ಲ. ಜಾಜಿ ಮೊಗ್ಗು ಕಟ್ಟುವುದು ಆ ವರ್ಷದ ಹೊಸ ಚಿಗುರಿನ ತುದಿಯಲ್ಲಿ. ಸವರದ ಬಳ್ಳಿಯಲ್ಲಿ ಗಟ್ಟಿ ಚಿಗುರು ಕಡಿಮೆ.

ನವೆಂಬರ್ ಕೊನೆಗೆ ಬಚ್ಚಲ ನೀರನ್ನು ಬಾಳೆಗೆ ತಿರುಗಿಸಿ, ಬಗ್ಗಡ ಅಡಿಕೆಗೆ ಹೋಗಲಿ. 3–4 ವಾರ ಬುಡ ಒಣಗಬೇಕು. ಎಲೆ ಹಳದಿಯಾಗಿ ಉದುರಿದರೆ ಗಾಬರಿ ಬೇಡ. ಡಿಸೆಂಬರ್ ಕೊನೆಯ ವಾರ 5–6 ಗಟ್ಟಿ ಕಾಂಡ ಮಾತ್ರ ಉಳಿಸಿ, ನೆಲದಿಂದ ಒಂದೂವರೆ ಅಡಿಗೆ ಹರಿತವಾದ ಕತ್ತಿಯಿಂದ ಸವರಿ. ಇಲ್ಲಿ ಕೈ ನಡುಗುವವರೇ ಹೆಚ್ಚು. ಚಪ್ಪರದ ಮೇಲಷ್ಟೇ ತುದಿ ಕತ್ತರಿಸಿದರೆ ಬಳ್ಳಿ ಅಲ್ಲೇ ಗೂಡುಕಟ್ಟಿ ಒಳಗೆ ಬಿಸಿಲೇ ಬೀಳದಂತಾಗುತ್ತದೆ. ತೀರಾ ಮನಸ್ಸಾಗದಿದ್ದರೆ ಈ ವರ್ಷ ಅರ್ಧ ಕಾಂಡ, ಬರುವ ವರ್ಷ ಉಳಿದರ್ಧ.

ಕಡಿದ ಬಾಯಿಗೆ ಬೋರ್ಡೋ ಮುಲಾಮು ಹಚ್ಚಿ: 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, ಪ್ರತಿಯೊಂದಕ್ಕೂ ಅರ್ಧ ಲೀಟರ್ ನೀರು. ಬೇರೆಬೇರೆ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕದಡಿ ಆಮೇಲೆ ಕೂಡಿಸಿ. ಕಬ್ಬಿಣದ ಪಾತ್ರೆ ಬೇಡ.

ಬುಡದಿಂದ ಒಂದಡಿ ದೂರ ಸುತ್ತ ಮಣ್ಣು ಸಡಿಲಿಸಿ 10 ಕೆ.ಜಿ. ಹಳೇ ಕೊಟ್ಟಿಗೆ ಗೊಬ್ಬರ, 375 ಗ್ರಾಂ ಸೂಪರ್ ಫಾಸ್ಫೇಟ್, 100 ಗ್ರಾಂ ಪೊಟ್ಯಾಷ್ ಕೊಡಿ. ಈ ಸಲ ಯೂರಿಯಾ ಮುಟ್ಟಬೇಡಿ. ಅನಂತರ ವಾರಕ್ಕೊಮ್ಮೆ ನೀರು ಸಾಕು. ಹಲಸಿನ ಕೊಂಬೆಯ ನೆರಳಿದ್ದರೆ ಅದನ್ನೂ ತೆಗೆಸಿ. ದಿನಕ್ಕೆ 5–6 ಗಂಟೆ ಬಿಸಿಲು ಸಿಗದಿದ್ದರೆ ಇಷ್ಟೆಲ್ಲ ಮಾಡಿಯೂ ಹೂ ಸಿಗದು. ಮೊಗ್ಗು ತೂತು ಬಿದ್ದು ಉದುರಿದರೆ ಅದು ಮೊಗ್ಗಿನ ಹುಳು: ಆರಿಸಿ ಸುಟ್ಟು, ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆಯನ್ನು ಸ್ವಲ್ಪ ಸಾಬೂನಿನೊಂದಿಗೆ ಕದಡಿ ಸಂಜೆ ಸಿಂಪಡಿಸಿ.

ಪ್ರಶ್ನೆ: ಕುಂಡದ ಬೋಗನ್‌ವಿಲ್ಲಾಕ್ಕೆ ದಿನವೂ ನೀರು ಹಾಕುತ್ತೇವೆ, ಹೂವಿಲ್ಲ. – ಓದುಗರು, ಕಾರವಾರ

ಉತ್ತರ: ದಿನವೂ ಹಾಕುವುದೇ ತಪ್ಪು. ಮಳೆ ನಿಂತ ಮೇಲೆ ಅಕ್ಟೋಬರ್‌ನಲ್ಲಿ ಉದ್ದ ಕೊಂಬೆ ಸವರಿ ಪೂರ್ಣ ಬಿಸಿಲಿಗಿಡಿ; ಮೇಲಿನ ಎರಡಿಂಚು ಮಣ್ಣು ಒಣಗಿದ ಮೇಲಷ್ಟೇ ನೀರು. ದೊಡ್ಡ ಕುಂಡಕ್ಕೆ ಬದಲಿಸಬೇಡಿ, ಬೇರು ಇಕ್ಕಟ್ಟಿನಲ್ಲಿದ್ದಾಗಲೇ ಅದು ಚೆನ್ನಾಗಿ ಹೂ ಬಿಡುತ್ತದೆ.