ಎರಡು ಕಾರು ಬಿಚ್ಚಿಟ್ಟಿದ್ದೇನೆ, ಮೂರನೆಯದನ್ನೂ ತರಲೇ?

ಈ ಸಲದ ಕಾಗದಗಳನ್ನು ಓದುತ್ತಾ ನಗು ಬಂತು. ಊರು ಬೇರೆ, ಗಾಡಿ ಬೇರೆ, ಗೋಳು ಮಾತ್ರ ಒಂದೇ. ಒಂದು ಹಳೆ ಕಾರು ಸರಿ ಮಾಡಲು ಹೊರಟವರು ಎರಡು ತಂದಿದ್ದಾರೆ. ಎರಡು ತಂದವರ ಕಣ್ಣು ಮೂರನೆಯದರ ಮೇಲಿದೆ. ಹಾಗಾಗಿ ಮೈಲೇಜು, ಬ್ರೇಕ್ ಶಬ್ದದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ತಳ್ಳಿ ಇದನ್ನೇ ಹಿಡಿದಿದ್ದೇನೆ.

ಪ್ರಶ್ನೆ: ಅಕ್ಕಾ, ಅಪ್ಪ ಕೊಂಡಿದ್ದ 1978ರ ಪ್ರೀಮಿಯರ್ ಪದ್ಮಿನಿ ನನ್ನ ಹತ್ತಿರ ಇದೆ. ಎರಡು ವರ್ಷದ ಹಿಂದೆ ಪೂರ್ತಿ ಬಿಚ್ಚಿದೆ. ಇಂಜಿನ್ ಬ್ಲಾಕ್ ಲೇತ್ ಅಂಗಡಿಯಲ್ಲಿದೆ, ಬಾಡಿಯ ಟಿಂಕರಿಂಗ್ ಅರ್ಧ ಆಗಿದೆ. ಕಳೆದ ವರ್ಷ ಸೋದರಮಾವ ತಮ್ಮ 1986ರ ಅಂಬಾಸಡರ್ ಕೊಟ್ಟರು. ಅದು ಓಡುತ್ತಿತ್ತು. ಬ್ರೇಕ್ ಸರಿ ಮಾಡೋಣ ಅಂತ ಅದನ್ನೂ ಬಿಚ್ಚಿದೆ. ಅದರ ಆರ್‌ಸಿ ಮುಂದಿನ ನವೆಂಬರಿಗೆ ಮುಗಿಯುತ್ತದೆ. ಈಗ ಎರಡೂ ನಿಂತಿವೆ. ಅಷ್ಟರಲ್ಲಿ ಸಕಲೇಶಪುರದ ಕಡೆ ಒಂದು ತೋಟದಲ್ಲಿ ನಾಲ್ಕು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಇದೆ, ಅಗ್ಗಕ್ಕೆ ಕೊಡುತ್ತಾರಂತೆ. ನಾನು ಬಿಟ್ಟರೆ ಗುಜರಿಗೆ ಹೋಗುತ್ತದೆ. ನನಗೆ ಬಿಡುವು ಭಾನುವಾರ ಮಾತ್ರ. ಮೂರನ್ನೂ ಹೇಗೆ ತೂಗಿಸಲಿ?
(ಹೆಸರು ಬೇಡ, ಹಾಸನ)

ಉತ್ತರ: "ಅದು ಓಡುತ್ತಿತ್ತು" ಅಂತ ಬರೆದಿದ್ದೀರಿ. ನಿಮ್ಮ ಕಷ್ಟವೆಲ್ಲ ಆ ಎರಡು ಪದದಲ್ಲಿದೆ. ಎರಡು ಕಾರು ಇಟ್ಟುಕೊಂಡಿದ್ದು ತಪ್ಪಲ್ಲ. ಒಂದು ಬಿಚ್ಚಿರುವಾಗ ಓಡುತ್ತಿದ್ದ ಇನ್ನೊಂದನ್ನೂ ಬಿಚ್ಚಿದ್ದು ತಪ್ಪು.

ನಮ್ಮಪ್ಪನ ಗ್ಯಾರೇಜು ದಾವಣಗೆರೆಯಲ್ಲಿ ಪಿ.ಬಿ. ರಸ್ತೆಯ ಪಕ್ಕದ ಒಂದು ಸಂದಿಯಲ್ಲಿತ್ತು. ಅಪ್ಪ ಹೋದ ಮೇಲೆ ಬೀಗದ ಕೈ ನನ್ನ ಕೈಗೆ ಬಂತು. ಅಪ್ಪನದು ಒಂದೇ ನಿಯಮ: ಶೆಡ್ಡಿನಲ್ಲಿ ಎಷ್ಟು ಗಾಡಿಯಾದರೂ ಇರಲಿ, ಬಿಚ್ಚಿದ್ದು ಒಂದೇ ಇರಬೇಕು. ಉಳಿದವು ತಮ್ಮ ಚಕ್ರದ ಮೇಲೆ ನಿಂತಿರಬೇಕು, ಸಾಧ್ಯವಾದರೆ ಸ್ಟಾರ್ಟೂ ಆಗಬೇಕು. ನಾನು ಅದನ್ನು ಮುದುಕರ ಹಟ ಅಂದುಕೊಂಡಿದ್ದೆ. 2012ರಲ್ಲಿ ನಿಮ್ಮ ಹಾಗೇ ಒಂದು ಪದ್ಮಿನಿ, ಒಂದು ಅಂಬಾಸಡರ್ ಎರಡನ್ನೂ ಒಟ್ಟಿಗೆ ಬಿಚ್ಚಿದೆ. ಪದ್ಮಿನಿಯ ಬ್ಲಾಕ್ ಬೋರ್ ಆಗಿ (ಪಿಸ್ಟನ್ ಓಡಾಡುವ ತೂತನ್ನು ಕೊರೆದು ಅಗಲಿಸುವುದು), ಹೋನಿಂಗ್ ಆಗಿ (ಅದರ ಒಳಗೋಡೆ ನಯ ಮಾಡುವುದು), ಕನ್ನಡಿಯ ಹಾಗೆ ಹೊಳೆಯುತ್ತಾ ಲೇತಿನಿಂದ ಬಂತು. ಅಷ್ಟರಲ್ಲಿ ಪಿಸ್ಟನ್ ರಿಂಗಿಗೆ ಅಂತ ಇಟ್ಟ ದುಡ್ಡನ್ನು ಅಂಬಾಸಡರಿನ ನೆಲದ ತಗಡು ತಿಂದಿತ್ತು. ಬ್ಲಾಕಿನ ಮೇಲೆ ಗೋಣಿಚೀಲ ಹೊದಿಸಿ ಮೂಲೆಗಿಟ್ಟೆ. ಎಣ್ಣೆ ಸವರುವ ಬುದ್ಧಿಯೂ ಬರಲಿಲ್ಲ. ಮುಂಗಾರು ಕಳೆದು ಗೋಣಿ ಎತ್ತಿ ನೋಡಿದರೆ ನಾಲ್ಕೂ ಬೋರಿನಲ್ಲಿ ಕೆಂಪು ತುಕ್ಕು, ಉಜ್ಜಿದರೆ ಕೆಳಗೆ ಗುಳಿ. ಮತ್ತೆ ಬೋರ್ ಮಾಡಿಸಿ ಒಂದು ಸೈಜ್ ಮೇಲಕ್ಕೆ ಹೋಗಬೇಕಾಯಿತು. ಕೊಂಡಿದ್ದ ಪಿಸ್ಟನ್ ಸೆಟ್ ಇವತ್ತಿಗೂ ಬೀರುವಿನಲ್ಲಿದೆ.

ಅದಕ್ಕೇ ನಿಮಗೆ ಮೊದಲ ಮಾತು. ನಾಳೆಯೇ ಲೇತಿನವರಿಗೆ ಫೋನ್ ಮಾಡಿ. ಬೋರ್ ಆಗಿಲ್ಲದಿದ್ದರೆ ಈಗ ಬೇಡ ಅನ್ನಿ. ಪಿಸ್ಟನ್ ಕೈಗೆ ಬಂದ ಮೇಲೆ, ಅದನ್ನು ಅಳೆದು ಬೋರ್ ಮಾಡುವುದೇ ಸರಿ. ಆಗಿಬಿಟ್ಟಿದ್ದರೆ ಬೋರಿಗೆಲ್ಲ ಇಂಜಿನ್ ಆಯಿಲ್ ಧಾರಾಳವಾಗಿ ಸವರಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ನೆಲದಿಂದ ಎತ್ತಿ ಹಲಗೆಯ ಮೇಲಿಡಿ. ತಿಂಗಳಿಗೊಮ್ಮೆ ಬಿಚ್ಚಿ ನೋಡಿ.

ಇನ್ನು ಯಾವುದು ಮೊದಲು ಅನ್ನುವುದು. ಅಪ್ಪನ ಕಾರು ಅಂತ ನಿಮ್ಮ ಮನಸ್ಸು ಪದ್ಮಿನಿಯ ಕಡೆಗೆ ಎಳೆಯುತ್ತದೆ, ಗೊತ್ತು. ಆದರೆ ಇದನ್ನು ತೀರ್ಮಾನಿಸಬೇಕಾದ್ದು ಮನಸ್ಸಲ್ಲ, ಆರ್‌ಸಿ. ಹದಿನೈದು ವರ್ಷ ದಾಟಿದ ಖಾಸಗಿ ಕಾರಿಗೆ ಐದೈದು ವರ್ಷಕ್ಕೆ ನವೀಕರಣ ಅಲ್ವಾ? ಅದಕ್ಕೆ ಗಾಡಿ ತಪಾಸಣೆಗೆ ನಿಲ್ಲಬೇಕು. ಬ್ರೇಕ್ ಹಿಡಿಯಬೇಕು, ಲೈಟು ಉರಿಯಬೇಕು, ಹೊಗೆ ಪರೀಕ್ಷೆ ಆಗಿರಬೇಕು. ಬ್ರೇಕ್ ಡ್ರಮ್ಮುಗಳನ್ನು ಬಕೆಟ್ಟಿನಲ್ಲಿಟ್ಟುಕೊಂಡು ಎಫ್‌ಸಿ ತಪಾಸಣೆಗೆ ಹೋಗಲು ಆಗುವುದಿಲ್ಲ. ತಡವಾದರೆ ತಿಂಗಳ ಲೆಕ್ಕದಲ್ಲಿ ದಂಡ ಏರುತ್ತದೆ. ಪದ್ಮಿನಿಯ ಸರದಿ, ಹಿಂದೆ ತಪ್ಪದೆ ಮಾಡಿಸಿದ್ದರೆ, 2028ಕ್ಕೆ ಬರುತ್ತದೆ. ಅಂದಮೇಲೆ ಅಂಬಾಸಡರ್ ಮೊದಲು.

ಅದರಲ್ಲಿ ಹೆಚ್ಚು ಕೆಲಸವೂ ಇಲ್ಲ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ನಿಂತ ಗಾಡಿಯಲ್ಲಿ ಮೊದಲು ಕೈಕೊಡುವುದು ವೀಲ್ ಸಿಲಿಂಡರು, ಅಂದರೆ ಪೆಡಲ್ ಒತ್ತಿದಾಗ ಬ್ರೇಕ್ ಶೂ ತಳ್ಳುವ ಭಾಗ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಂಡು ಒಳಗಿಂದಲೇ ತುಕ್ಕು ಹಿಡಿಸುತ್ತದೆ, ಅದರೊಳಗಿನ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಬರೀ ರಬ್ಬರ್ ಬದಲಿಸಿ ಉಳಿಸಲು ಹೋಗಬೇಡಿ. ಸಿಲಿಂಡರುಗಳನ್ನೇ ಬದಲಿಸಿ. ಜೊತೆಗೆ ರಬ್ಬರ್ ಹೋಸ್, ಹೊಸ ಆಯಿಲ್. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ಬೆಳಗ್ಗೆ ಸುತ್ತಿದರೆ ಅಂಬಾಸಡರಿನ ಬ್ರೇಕ್ ಸಾಮಾನು ಸಿಗುತ್ತದೆ. ಆ ಕಾರು 1957ರಿಂದ 2014ರವರೆಗೆ ತಯಾರಾಯಿತು, ದಾಸ್ತಾನು ಅಷ್ಟು ಬೇಗ ಮುಗಿಯುವುದಲ್ಲ. ನಾಲ್ಕೈದು ಭಾನುವಾರ ಸಾಕು. ಆಮೇಲೆ ಅದಕ್ಕೆ ಪೇಂಟು, ಸೀಟು, ಕ್ರೋಮು ಅಂತ ಏನೂ ಮಾಡಬೇಡಿ. ಮಾಸಿದ ಬಣ್ಣದಲ್ಲೇ ಓಡಿಸಿ. ಜೆ.ಸಿ. ರಸ್ತೆಗೆ ಪದ್ಮಿನಿಯ ಸಾಮಾನು ತರಲು ಅದರಲ್ಲೇ ಹೋಗಿ.

ಎರಡನೇ ಕಾರಿನಿಂದ ಲಾಭವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಹಳೆ ಕಾರಿನ ಕೆಲಸದಲ್ಲಿ ಮುಕ್ಕಾಲು ಪಾಲು ಕಾಯುವುದೇ. ಟಿಂಕರಿಂಗ್ ಮೇಸ್ತ್ರಿ ಬರುವುದು ಕಾಯಬೇಕು, ಕ್ರೋಮಿಗೆ ಕೊಟ್ಟ ಬಂಪರು ಕಾಯಬೇಕು. ಆ ಹೊತ್ತಿನಲ್ಲಿ ಕೈ ಸುಮ್ನೆ ಇರುವುದಿಲ್ಲ. ಆಗ ಇನ್ನೊಂದು ಕಾರಿನಲ್ಲಿ ಸಂಜೆಯೊಳಗೆ ಮುಗಿಯುವ ಕೆಲಸ ಮಾಡಿ. ವೈಪರ್ ಮೋಟರು, ಬಾಗಿಲಿನ ಬೀಡಿಂಗು, ಡಿಸ್ಟ್ರಿಬ್ಯೂಟರ್ ಪಾಯಿಂಟ್ ಸ್ವಚ್ಛ ಮಾಡುವುದು, ಇಂಥವು. ಭಾನುವಾರ ಬಿಚ್ಚಿದ್ದನ್ನು ಭಾನುವಾರ ರಾತ್ರಿಯೊಳಗೆ ಕೂಡಿಸಲು ಆಗದಿದ್ದರೆ ಆ ಕೆಲಸಕ್ಕೆ ಕೈಹಾಕಬೇಡಿ.

ಡಬ್ಬಿಗಳ ವಿಷಯ ಹೇಳಲೇಬೇಕು. ಪದ್ಮಿನಿ ಹುಟ್ಟಿನಿಂದ ಇಟಲಿಯ ಫಿಯೆಟ್, ಅದರ ಬೋಲ್ಟುಗಳು ಮಿಲಿಮೀಟರ್ ಅಳತೆಯವು. ಅಂಬಾಸಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ವಂಶದ್ದು, ಅದರವು ಇಂಚಿನವು. ಅರ್ಧ ಇಂಚು ಅಂದರೆ 12.7 ಮಿ.ಮೀ. ಅಷ್ಟಗಲದ ಬೋಲ್ಟಿನ ತಲೆಗೆ 13ರ ಸ್ಪ್ಯಾನರ್ ಕೂರುತ್ತದೆ, ಕೂತ ಹಾಗೆ ಮಾಡುತ್ತದೆ, ಬಲ ಹಾಕಿದ ಕೂಡಲೇ ಮೂಲೆ ಸವೆದು ತಲೆ ಗುಂಡಗಾಗುತ್ತದೆ. ಥ್ರೆಡ್ ಇನ್ನೂ ಮೋಸ. 5/16 ಇಂಚಿನ ಬೋಲ್ಟು 8 ಮಿ.ಮೀ. ತೂತಿನೊಳಗೆ ಎರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಹಿಡಿಯುತ್ತದೆ. ತುಕ್ಕಿರಬೇಕು ಅಂತ ನಾವು ಉದ್ದನೆ ಹಿಡಿ ಹಾಕಿ ತಿರುಗಿಸುತ್ತೇವೆ. ಮುಗಿಯಿತು, ಥ್ರೆಡ್ ಹೋಯಿತು. ನಮ್ಮ ಹುಡುಗ ಒಬ್ಬ ಎರಡೂ ಕಾರಿನ ಬೋಲ್ಟುಗಳನ್ನು ಒಂದೇ ಎಣ್ಣೆ ಡಬ್ಬಕ್ಕೆ ಸುರಿದಿದ್ದ, "ತೊಳೆಯೋಕೆ ಸುಲಭ ಅಕ್ಕ" ಅಂತ. ಬೇರೆ ಮಾಡಲು ನಾವಿಬ್ಬರೂ ಮೂರು ರಾತ್ರಿ ಕೂತೆವು, ಮಂಡಕ್ಕಿ ತಿನ್ನುತ್ತಾ. ಅಂದಿನಿಂದ ನಮ್ಮಲ್ಲಿ ಹಾರ್ಲಿಕ್ಸ್ ಬಾಟಲಿಗಳು: ಪದ್ಮಿನಿಗೆ ಕೆಂಪು ಟೇಪು, ಅಂಬಾಸಡರಿಗೆ ಹಳದಿ. ಸ್ಪ್ಯಾನರ್ ಸೆಟ್ಟಿಗೂ ಅದೇ ಬಣ್ಣ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಎರಡು ವರ್ಷದ ಮೇಲೆ ನಿಮಗೆ ಏನೂ ನೆನಪಿರುವುದಿಲ್ಲ.

ಹೆರಾಲ್ಡ್. ಅಯ್ಯೋ, ನನಗೂ ಆಸೆಯ ಗಾಡಿ ಅದು. 1961ರಿಂದ ಮದರಾಸಿನಲ್ಲಿ ತಯಾರಾಗುತ್ತಿತ್ತು. ಬಾನೆಟ್ ಎತ್ತಿದರೆ ಮಡ್‌ಗಾರ್ಡ್ ಸಮೇತ ಇಡೀ ಮೂತಿಯೇ ಮುಂದಕ್ಕೆ ಬಾಗುತ್ತದೆ, ಟೈರಿನ ಮೇಲೆ ಕೂತು ಇಂಜಿನ್ ಕೆಲಸ ಮಾಡಬಹುದು. ಚಾಸಿ (ಕೆಳಗಿನ ಚೌಕಟ್ಟು) ಬೇರೆ, ಬಾಡಿ ಬೇರೆ. ಆದರೆ ಸಕಲೇಶಪುರದ ಮಳೆಯಲ್ಲಿ ನಿಂತ ಹೆರಾಲ್ಡಿನ ಚಾಸಿ ಹೇಗಿರಬಹುದು ಅಂತ ನೀವೇ ಯೋಚಿಸಿ. ಬಾಡಿಯನ್ನು ಹೊರುವ ಪಕ್ಕದ ತೋಳುಗಳು ಮೊದಲು ಹೋಗುತ್ತವೆ. ಇದರ ಮೂಲವಾದ ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡಿಗೆ ಇಂಜಿನ್, ಬ್ರೇಕ್ ಸಾಮಾನು ಈಗಲೂ ಹೊಸದಾಗಿ ಸಿಗುತ್ತದೆ. ಆದರೆ ನಾಲ್ಕು ಬಾಗಿಲಿನದು ನಮ್ಮ ದೇಶದಲ್ಲಿ ಮಾತ್ರ ಬಂದದ್ದು, ಅದರ ಬಾಗಿಲು ಅಲ್ಲಿ ಯಾರೂ ಮಾಡುವುದಿಲ್ಲ.

ಕಾಗದಪತ್ರ ಮೊದಲು ನೋಡಿ. ಐವತ್ತು ವರ್ಷ ದಾಟಿದ ಗಾಡಿಗೆ 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ನೋಂದಣಿ ತಂದಿತು. ನಂಬರಿನಲ್ಲಿ ವಿಎ ಅಂತ ಬರುತ್ತದೆ, ಶುಲ್ಕ 20,000 ರೂಪಾಯಿ, ಹತ್ತು ವರ್ಷ ನಡೆಯುತ್ತದೆ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದಕ್ಕೆ ರಸ್ತೆಗಿಳಿಸಬಹುದು. ದಿನಾ ಆಫೀಸಿಗೆ ಒಯ್ಯುವ ಹಾಗಿಲ್ಲ. ಅದಕ್ಕೂ ಇಲ್ಲಿ ನೋಂದಣಿಯಾದ ಗಾಡಿಯಾದರೆ ಹಳೆ ಆರ್‌ಸಿ ಕೇಳುತ್ತಾರೆ. ತೋಟದವರ ಹತ್ತಿರ ಆರ್‌ಸಿ ಇಲ್ಲದಿದ್ದರೆ "ಅಗ್ಗ" ಅನ್ನುವ ಮಾತಿಗೆ ಅರ್ಥ ಬೇರೆ.

ಇದ್ದರೂ ನನ್ನ ಅಭಿಪ್ರಾಯ: ತರಬೇಡಿ. ವರ್ಷಕ್ಕೆ 52 ಭಾನುವಾರ. ಮದುವೆ, ಹಬ್ಬ, ತಿಥಿ, ಜ್ವರ ಕಳೆದರೆ ಮೂವತ್ತು ಸಿಕ್ಕರೆ ದೊಡ್ಡದು. ದಿನಕ್ಕೆ ಐದು ಗಂಟೆ ಅಂದರೂ 150 ಗಂಟೆ. ನನ್ನ ಆ ಪದ್ಮಿನಿಗೆ ಪೇಂಟಿನವರ ಹೊತ್ತು ಬಿಟ್ಟು ನಾನು ಪುಸ್ತಕದಲ್ಲಿ ಬರೆದಿಟ್ಟ ಲೆಕ್ಕ 640 ಗಂಟೆ. ಗುಜರಿಗೆ ಹೋಗುತ್ತದೆ ಅನ್ನುವ ಸಂಕಟ ಇದ್ದರೆ ಕೈಯಲ್ಲಿ ಬೇರೆ ಕೆಲಸ ಇಲ್ಲದ ಒಬ್ಬ ಹೆರಾಲ್ಡ್ ಹುಚ್ಚರನ್ನು ಹುಡುಕಿ ತೋಟದವರಿಗೆ ಗಂಟುಹಾಕಿ. ಅವರು ಓಡಿಸಿದಾಗ ನಿಮಗೂ ಒಂದು ರೌಂಡ್ ಕೇಳಿ.

ಪ್ರಶ್ನೆ: ಎರಡು ಮಾರುತಿ 800 ಇವೆ. ಒಂದರ ಕೆಲಸ ನಡೆಯುತ್ತಿದೆ. ಇನ್ನೊಂದಕ್ಕೆ ಬರೀ ಪ್ರೈಮರ್ ಹೊಡೆಸಿ, ಟಾರ್ಪಾಲು ಸುತ್ತಿ ಇಟ್ಟಿದ್ದೆ. ಒಂದು ಮಳೆಗಾಲಕ್ಕೇ ಗುಳ್ಳೆ ಎದ್ದಿದೆ. ಯಾಕೆ?
(ಒಬ್ಬ ಓದುಗ, ಸುರತ್ಕಲ್)

ಉತ್ತರ: ಉಜ್ಜಲು ಹೊಡೆಯುವ ಮಾಮೂಲಿ ಸರ್ಫೇಸರ್ ಪ್ರೈಮರ್ ನೀರು ತಡೆಯುವುದಿಲ್ಲ, ಹೀರುತ್ತದೆ. ಮೇಲೆ ಪೇಂಟ್ ಬಿದ್ದಾಗಲೇ ಅದಕ್ಕೆ ರಕ್ಷಣೆ. ನಿಮ್ಮದು ಕಡಲ ಗಾಳಿ, ಉಪ್ಪು ಬೇರೆ. ಟಾರ್ಪಾಲು ಬಾಡಿಗೆ ತಾಗಿಕೊಂಡು ಒಳಗೆ ಬೆವರು ಕಟ್ಟಿತು. ಗುಳ್ಳೆ ಇದ್ದ ಕಡೆಯೆಲ್ಲ ತಗಡು ಕಾಣುವವರೆಗೆ ಕೆರೆದು, ಎಪಾಕ್ಸಿ ಪ್ರೈಮರ್ ಹೊಡೆಸಿ. ಅದು ತೇವವನ್ನು ತಡೆಯುತ್ತದೆ, ವರ್ಷ ಕಾಯಬಲ್ಲದು. ಮೇಲೆ ಶೀಟು ಹಾಕಿ, ಪಕ್ಕ ತೆರೆದಿಡಿ, ಗಾಳಿ ಆಡಲಿ. ಎರಡೂ ಒಂದೇ ಮಾದರಿ ಅಂತ ಒಂದರ ಸಾಮಾನು ಕಿತ್ತು ಇನ್ನೊಂದಕ್ಕೆ ಹಾಕುವ ಚಪಲ ಬಂದಿರಬೇಕಲ್ಲ? ಕಿತ್ತದ್ದನ್ನು ಅವತ್ತೇ ಬರೆದಿಡಿ.

ಪ್ರಶ್ನೆ: ನನಗೆ ಕಾರು ಗೊತ್ತಿಲ್ಲ. ನಮ್ಮ ಮನೆಯವರ ಮೂರು ಕಾರು ಅಂಗಳದಲ್ಲಿವೆ. ರಂಗೋಲಿ ಹಾಕಲು ಜಾಗ ಇಲ್ಲ. ಕೇಳಿದರೆ "ದೀಪಾವಳಿಗೆ ಮುಗಿಯುತ್ತೆ" ಅನ್ನುತ್ತಾರೆ. ಯಾವ ದೀಪಾವಳಿ ಅಂತ ಹೇಳುವುದಿಲ್ಲ.
(ಒಬ್ಬ ಗೃಹಿಣಿ, ಹುಬ್ಬಳ್ಳಿ)

ಉತ್ತರ: ತಂಗೀ, ನಮ್ಮಮ್ಮ ತುಳಸಿಕಟ್ಟೆಯಿಂದ ಗೇಟಿನವರೆಗೆ ಸುಣ್ಣದಲ್ಲಿ ಗೆರೆ ಎಳೆದಿದ್ದಳು. ಅದರೊಳಗೆ ಕಾರಿನ ನೆರಳೂ ಬೀಳಬಾರದು ಅಂತ. ಅಪ್ಪ ದಾಟಲಿಲ್ಲ. ಮುಗಿಸುವ ದಿನ ಕೇಳಬೇಡಿ, ಗಂಡಸರು ಆ ವಿಷಯದಲ್ಲಿ ತಮಗೆ ತಾವೇ ಸುಳ್ಳು ಹೇಳಿಕೊಳ್ಳುತ್ತಾರೆ. ನಾನೂ ಹೇಳಿಕೊಂಡಿದ್ದೇನೆ. ಬೇರೆ ಒಂದನ್ನು ಕೇಳಿ: ಮೂರನ್ನೂ ತಳ್ಳಿದರೆ ಸರಿಯಬೇಕು. ಕಲ್ಲಿನ ಮೇಲೆ ನಿಂತದ್ದಕ್ಕೆ ಹಳೆ ಚಕ್ರವಾದರೂ ಸರಿ, ಹಾಕಿಸಿ. ಬಿಡಿ ಟೈರುಗಳಲ್ಲಿ ನೀರು ನಿಂತಿದ್ದರೆ ಅವತ್ತೇ ಚೆಲ್ಲಿಸಿ, ಡೆಂಗಿ ಸೊಳ್ಳೆ ಅಲ್ಲೇ ಮರಿ ಮಾಡುತ್ತದೆ. ಖರ್ಚಿನ ಪುಸ್ತಕ ನಿಮ್ಮ ಕೈಯಲ್ಲಿರಲಿ, ಕಾರಿಗೊಂದು ಪುಟ.

ಪ್ರಶ್ನೆ: ಕಾರಿನ ಟಿಂಕರಿಂಗ್ ಮುಗಿಯಲು ಇನ್ನೂ ಆರು ತಿಂಗಳು. ಅಷ್ಟರಲ್ಲಿ ತಾತನ ಯೆಜ್ಡಿ ಬೈಕ್ ಬಿಚ್ಚಬಹುದೇ?
(ಕಾಲೇಜು ವಿದ್ಯಾರ್ಥಿ, ಮೈಸೂರು)

ಉತ್ತರ: ಬಿಚ್ಚಿ. ನನ್ನ ನಿಯಮಕ್ಕೆ ಇದೊಂದೇ ರಿಯಾಯಿತಿ. ಟೂ ಸ್ಟ್ರೋಕ್ ಇಂಜಿನು, ವಾಲ್ವ್ ಇಲ್ಲ, ಇಡೀ ಇಂಜಿನ್ ಊಟದ ಮೇಜಿನ ಮೇಲೆ ಹಿಡಿಯುತ್ತದೆ (ಮನೆಯಲ್ಲಿ ಕೇಳಿ ಇಡಿ). ನಿಮ್ಮೂರ ಯೆಜ್ಡಿ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಆ ಬೈಕಿನ ಕೈ ಗೊತ್ತಿರುವ ಹಳೆ ಮೆಕ್ಯಾನಿಕ್‌ಗಳು ಮೈಸೂರಿನಲ್ಲಿ ಸಿಗದೆ ಇನ್ನೆಲ್ಲಿ ಸಿಗುತ್ತಾರೆ? ಟ್ಯಾಂಕಿನ ಹಳೆ ಪೆಟ್ರೋಲ್ ಚೆಲ್ಲಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ಹಳೆ ರಬ್ಬರ್ ಪೈಪು ಅದಕ್ಕೆ ತಡೆಯುವುದಿಲ್ಲ, ಹೊಸದು ಹಾಕಿ. ಬಿಚ್ಚಿದ ಸಾಮಾನನ್ನು ಕಾರಿನ ಡಬ್ಬಿಗಳ ಹತ್ತಿರ ಸುಳಿಯಲು ಬಿಡಬೇಡಿ. ಅದರಲ್ಲೂ ಆ ಕಿಕ್ ಲಿವರ್. ಅದನ್ನೇ ಮುಂದಕ್ಕೆ ಬಗ್ಗಿಸಿದರೆ ಗೇರ್ ಲಿವರ್ರೂ ಆಗುತ್ತದೆ. ಕಳೆದರೆ ಎರಡೂ ಹೋದ ಹಾಗೆ.