ಕುದುರೆ ಟ್ರೈಲರಿನ ಟೈರ್ ಸವೆದೇ ಇಲ್ಲ, ಆದರೂ ಬದಲಾಯಿಸಬೇಕಾ?

ಟೆಕ್ಸಾಸ್‌ನಲ್ಲಿ ಎರಡು ಕುದುರೆ ಹಿಡಿಸುವ ಸೆಕೆಂಡ್ ಹ್ಯಾಂಡ್ ಟ್ರೈಲರ್ ತಗೊಂಡಿದ್ದೀರಿ, ಟೈರಿನ ಗ್ರಿಪ್ ಹೊಸದರ ಹಾಗಿದೆ, ಹಾಗೇ ಓಡಿಸಬಹುದಾ ಅಂತ ಕೇಳಿದ್ದೀರಿ. ನಾನೂ ಇಲ್ಲೇ ಆಸ್ಟಿನ್ ಹತ್ತಿರ ಇದ್ದೇನೆ. ದಯವಿಟ್ಟು ಗ್ರಿಪ್ ನಂಬಬೇಡಿ. ಮೊದಲು ಟೈರಿನ ವಯಸ್ಸು ನೋಡಿ.

ಟೈರಿನ ಮಗ್ಗುಲಲ್ಲಿ ಡಿಒಟಿ (DOT) ಅಂತ ಶುರುವಾಗುವ ಸಾಲು ಇರುತ್ತದೆ. ಅದರ ಕೊನೆಯ ನಾಲ್ಕು ಅಂಕಿ 2314 ಅಂತಿದ್ದರೆ, ಅದು 2014ರ 23ನೇ ವಾರ ತಯಾರಾದ ಟೈರ್. ಎಷ್ಟೋ ಸಲ ಈ ಅಂಕಿ ಒಂದೇ ಮಗ್ಗುಲಲ್ಲಿ ಇರುತ್ತದೆ, ಅದೂ ಒಳಗಡೆಗೆ ಬಂದಿರುತ್ತದೆ. ಟಾರ್ಚ್ ಹಿಡಿದು ಟ್ರೈಲರ್ ಕೆಳಗೆ ನುಸುಳಿ ನೋಡಬೇಕು.

ನಾನು ನೋಡಿರಲಿಲ್ಲ. 2022ರ ಆಗಸ್ಟ್, ಸುಡುವ ಮಧ್ಯಾಹ್ನ, ಐ-35 ಹೆದ್ದಾರಿ. ಹಿಂದಿನಿಂದ ಪಟಪಟ ಅಂತ ಸದ್ದು ಬಂತು. ಬದಿಗೆ ನಿಲ್ಲಿಸಿ ನೋಡಿದರೆ ಬಲಗಡೆ ಹಿಂದಿನ ಟೈರಿನ ಮೇಲ್ಪದರ ಸಿಪ್ಪೆ ಸುಲಿದ ಹಾಗೆ ಕಿತ್ತು ಬಂದಿತ್ತು, ಫೆಂಡರ್ ಸೀಳಿ ಹೋಗಿತ್ತು. ಒಳಗೆ ಎರಡೂ ಕುದುರೆ ಬೆವೆತು, ಗೋಡೆಗೆ ಒದೆಯುತ್ತಿದ್ದವು. ಹೆದ್ದಾರಿಯಲ್ಲಿ ಅವನ್ನು ಇಳಿಸುವಂತಿಲ್ಲ. ಕೈ ತಪ್ಪಿದರೆ ಅವುಗಳ ಜೀವವೂ ಹೋಗುತ್ತದೆ, ಎದುರಿಗೆ ಬರುವವರದ್ದೂ. ನಟ್‌ಗಳನ್ನು ಅರ್ಧ ಸಡಿಲಿಸಿ, ಅದೇ ಬದಿಯ ಮುಂದಿನ ಚಕ್ರವನ್ನು ಇಳಿಜಾರು ಬ್ಲಾಕ್ ಮೇಲೆ ಹತ್ತಿಸಿದೆ. ಕೆಟ್ಟ ಚಕ್ರ ನೆಲ ಬಿಟ್ಟು ಮೇಲೆದ್ದಿತು. ಜಾಕ್ ಬೇಕಾಗಲಿಲ್ಲ. ಆ ಬ್ಲಾಕ್ ಒಂದು ನಿಮ್ಮ ಟ್ರಕ್ಕಿನಲ್ಲೂ ಇರಲಿ.

ಕಾರಿನ ಟೈರ್ ಓಡಿ ಓಡಿ ಸವೆಯುತ್ತದೆ. ಟ್ರೈಲರಿನದು ನಿಂತಲ್ಲೇ ಹಾಳಾಗುತ್ತದೆ. ವರ್ಷಕ್ಕೆ ಹತ್ತು ಸಲ ಹೊರಟರೆ ಜಾಸ್ತಿ, ಉಳಿದ ದಿನವೆಲ್ಲ ಬಿಸಿಲಲ್ಲಿ ನಿಂತಿರುತ್ತದೆ ಅಲ್ವಾ? ರಬ್ಬರ್ ಒಣಗಿ ಬಿರುಕು ಬಿಡುತ್ತದೆ, ಒಳಗಿನ ಪದರಗಳ ಬೆಸುಗೆ ಸಡಿಲವಾಗುತ್ತದೆ. ಎಷ್ಟೋ ಸಲ ಹೊರಗೆ ಏನೂ ಕಾಣುವುದಿಲ್ಲ. ನಾನಂತೂ ಈಗ ಐದು ವರ್ಷಕ್ಕೆ ನಾಲ್ಕೂ ಬದಲಾಯಿಸುತ್ತೇನೆ, ಜೊತೆಗೆ ಸ್ಟೆಪ್ನಿಯನ್ನೂ. ಸ್ಟೆಪ್ನಿಗೂ ವಯಸ್ಸಾಗುತ್ತದೆ.

ಕೊಳ್ಳುವಾಗ ಅಳತೆಯ ಮುಂದೆ ಎಸ್‌ಟಿ (ST) ಅಂತ ಇರುವುದನ್ನೇ ಕೇಳಿ, ಅದು ಟ್ರೈಲರಿಗೆಂದೇ ಮಾಡಿದ್ದು. ಕಾರಿನ ಹಳೇ ಟೈರ್ ಹಾಕುವ ಯೋಚನೆ ಬೇಡ. ಅದರ ಮಗ್ಗುಲು ಮೆತ್ತಗೆ, ಕುದುರೆ ಕಾಲು ಬದಲಿಸಿದಾಗಲೆಲ್ಲ ಟ್ರೈಲರ್ ಓಲಾಡುತ್ತದೆ. ಆಮೇಲೆ ಭಾರದ ಲೆಕ್ಕ. ಟ್ರೈಲರಿನ ಸ್ಟಿಕ್ಕರ್‌ನಲ್ಲಿ ಒಟ್ಟು ಭಾರ 7,000 ಪೌಂಡ್ ಅಂತಿದ್ದರೆ ನಾಲ್ಕಕ್ಕೆ ಹಂಚಿದಾಗ ಒಂದೊಂದು ಟೈರಿಗೆ 1,750 ಬಂತು. ಎಸ್‌ಟಿ205/75ಆರ್15 ಅಳತೆಯಲ್ಲಿ ಸಿ ದರ್ಜೆಯದು (ಈ ಅಕ್ಷರ ಟೈರ್ ಎಷ್ಟು ಭಾರ ಹೊರುತ್ತದೆ ಅಂತ ಹೇಳುತ್ತದೆ) 1,820 ಪೌಂಡ್ ಹೊರುತ್ತದೆ, ಉಳಿಯುವುದು ಬರೀ 70. ಕುದುರೆಗಳು ಒಂದೇ ಕಡೆ ವಾಲಿದರೆ ಅದೂ ಇಲ್ಲ. ಅದೇ ಅಳತೆಯ ಡಿ ದರ್ಜೆ 2,150 ಪೌಂಡ್ ಹೊರುತ್ತದೆ. ಆದರೆ ಅದಕ್ಕೆ 50ರ ಬದಲು 65 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ ಬೇಕು. ನಿಮ್ಮ ರಿಮ್ ಅಷ್ಟು ತಡೆಯುತ್ತದಾ ಅಂತ ಅಂಗಡಿಯಲ್ಲಿ ನೋಡಿಸಿ. ವಾಲ್ವ್ ಕೂಡ ಹೊಸದೇ ಹಾಕಿಸಿ.

ಗಾಳಿಯನ್ನು ಬೆಳಿಗ್ಗೆ ಹೊರಡುವ ಮೊದಲು, ಟೈರ್ ತಣ್ಣಗಿದ್ದಾಗ, ಮಗ್ಗುಲಲ್ಲಿ ಬರೆದಷ್ಟು ತುಂಬಿ. ದಾರಿಯಲ್ಲಿ ಬಿಸಿಯಾಗಿ ಒತ್ತಡ ಏರಿದರೆ ಗಾಳಿ ಹೊರಗೆ ಬಿಡಬೇಡಿ, ಏರುವುದು ಸಹಜ. ವೇಗ ಗಂಟೆಗೆ 65 ಮೈಲಿ ಒಳಗೇ ಇರಲಿ.

ಟೈರ್ ಹಾಕಿಸಿದ ದಿನ ಖಾಲಿ ಟ್ರೈಲರನ್ನೇ ಒಂದು 50 ಮೈಲಿ ಓಡಿಸಿ ಬನ್ನಿ. ನಟ್‌ಗಳು ಸ್ವಲ್ಪ ಸಡಿಲವಾಗಿರಬಹುದು, ಟಾರ್ಕ್ ರೆಂಚ್‌ನಲ್ಲಿ (ಎಷ್ಟು ಬಿಗಿಯಾಯಿತು ಅಂತ ತೋರಿಸುವ ಪಾನಾ) ಮತ್ತೆ ಬಿಗಿ ಮಾಡಿ. ಕುದುರೆ ಹತ್ತಿಸುವುದು ಆಮೇಲೆ.